‘ಇಷ್ಟು ಮಾಹಿತಿ ಸಾಕಾ?’ ಡೇಟಾ ಸಫಿಶಿಯನ್ಸಿಯಲ್ಲಿ ನಾನು ಎಡವುತ್ತಿರುವುದೆಲ್ಲಿ? ಗೊತ್ತಿದ್ದವರು ಹೇಳಿ

ಪೆರ್ಲದ ಹುಡುಗಿ · ಶನಿವಾರ, ರಾತ್ರಿ 9.10

ಎಲ್ಲರಿಗೂ ನಮಸ್ಕಾರ. ನಾನು ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತವಳು. ಬಿಕಾಂ ಮುಗಿದಿದೆ. ಎಂಬಿಎ ಮಾಡಬೇಕೆಂದು ಜಿಮ್ಯಾಟ್‌ಗೆ ಓದುತ್ತಿದ್ದೇನೆ. ಸಮೀಕರಣ ಕೊಟ್ಟು ಉತ್ತರ ಕೇಳಿದರೆ ಬಿಡಿಸುತ್ತೇನೆ, ಅದರಲ್ಲಿ ತೊಂದರೆ ಇಲ್ಲ. ಡೇಟಾ ಸಫಿಶಿಯನ್ಸಿ, ಅಂದರೆ ಒಂದು ಪ್ರಶ್ನೆ, ಎರಡು ಹೇಳಿಕೆ ಕೊಟ್ಟು ಉತ್ತರ ಹೇಳಲು ಯಾವ ಹೇಳಿಕೆ ಸಾಕು ಎಂದು ಕೇಳುವ ಬಗೆ, ಬಂದರೆ ಮಾತ್ರ ಹತ್ತರಲ್ಲಿ ಐದಾರು ತಪ್ಪು. ತಪ್ಪಾಗುತ್ತಿದೆ ಎಂದು ಆಗ ಗೊತ್ತೂ ಆಗುವುದಿಲ್ಲ, ಸರಿ ಅಂತಲೇ ಧೈರ್ಯದಲ್ಲಿ ಗುರುತು ಹಾಕಿರುತ್ತೇನೆ. ಅದೇ ಹೆಚ್ಚು ಬೇಸರ.

ನಿನ್ನೆ ಅಣಕು ಪರೀಕ್ಷೆಯಲ್ಲಿ ಬಂದಂಥದ್ದೇ ಒಂದನ್ನು ನಮ್ಮ ಕಡೆಯ ಸಾಮಾನಿಗೆ ಬದಲಾಯಿಸಿ ಬರೆಯುತ್ತೇನೆ.

ಒಬ್ಬರು ನರ್ಸರಿಯಿಂದ ತಲಾ 35 ರೂಪಾಯಿಯ ಅಡಿಕೆ ಸಸಿಗಳನ್ನೂ ತಲಾ 22 ರೂಪಾಯಿಯ ಕರಿಮೆಣಸಿನ ಬಳ್ಳಿಗಳನ್ನೂ ಮಾತ್ರ ಕೊಂಡರು. ಕೊಂಡ ಅಡಿಕೆ ಸಸಿಗಳು ಎಷ್ಟು?
(1) ಒಟ್ಟು ಖರ್ಚು 443 ರೂಪಾಯಿ.
(2) ಸಸಿ, ಬಳ್ಳಿ ಸೇರಿ ಒಟ್ಟು 16.

ನಾನು ಹಾಕಿದ್ದು ಸಿ, ಅಂದರೆ ಎರಡೂ ಸೇರಿದರೆ ಮಾತ್ರ ಸಾಕು ಅಂತ. ಕೊಟ್ಟಿರುವ ಉತ್ತರ ಎ. ಒಂದನೆಯ ಹೇಳಿಕೆ ಮಾತ್ರವೇ ಸಾಕಂತೆ! ಎರಡು ಚರಾಕ್ಷರ ಇರುವಾಗ ಒಂದೇ ಸಮೀಕರಣ ಹೇಗೆ ಸಾಕಾಗುತ್ತದೆ? ನಾನು ಮೂರು ತಿಂಗಳು ಒಂದು ಕೋಚಿಂಗ್ ತರಗತಿಗೆ ಹೋಗಿದ್ದೆ. ಅಲ್ಲಿ ಹೇಳಿಕೊಟ್ಟದ್ದು, ‘ಚರಾಕ್ಷರ ಎರಡಿದ್ದರೆ ಸಮೀಕರಣ ಎರಡು ಬೇಕು, ಯೋಚನೆ ಮಾಡದೆ ಸಿ ಹಾಕಿ ಮುಂದೆ ಹೋಗಿ’ ಅಂತ. ಅದನ್ನೇ ನಂಬಿ ಬಂದವಳು ನಾನು.

ಉಪ್ಪಳ–ಕಲ್ಲಿಕೋಟೆ · ರಾತ್ರಿ 9.32

ಉತ್ತರ ಎ ಸರಿಯೇ. ವಿವರಣೆಯನ್ನು ಮಾಷ್ಟ್ರು ಬಂದು ಬರೆಯಲಿ, ನನಗಿಂತ ಚೆನ್ನಾಗಿ ಹೇಳುತ್ತಾರೆ. ಹೊಸಬರಿಗಾಗಿ ಆಯ್ಕೆಗಳನ್ನು ಬರೆದಿಡುತ್ತೇನೆ. ಜಿಮ್ಯಾಟ್‌ನಲ್ಲಿ ಇವು ಎಂದೂ ಬದಲಾಗುವುದಿಲ್ಲ, ಬಾಯಿಪಾಠ ಆಗಿರಬೇಕು.

ಎ – (1) ಒಂದೇ ಸಾಕು, (2) ಒಂದೇ ಸಾಲದು.
ಬಿ – (2) ಒಂದೇ ಸಾಕು, (1) ಒಂದೇ ಸಾಲದು.
ಸಿ – ಬೇರೆ ಬೇರೆಯಾಗಿ ಸಾಲದು, ಸೇರಿದರೆ ಸಾಕು.
ಡಿ – (1) ಒಂದೇ ಆದರೂ ಸಾಕು, (2) ಒಂದೇ ಆದರೂ ಸಾಕು.
ಇ – ಎರಡು ಸೇರಿದರೂ ಸಾಲದು.

ಹಳೆಯ ಪುಸ್ತಕ ಇಟ್ಟುಕೊಂಡು ಓದುವವರು ಇನ್ನೊಂದು ವಿಷಯ ಗಮನಿಸಿ. 2023ರ ನವೆಂಬರಿನಲ್ಲಿ ಪರೀಕ್ಷೆಯ ಹೊಸ ರೂಪ ಬಂದ ಮೇಲೆ ಈ ಪ್ರಶ್ನೆಗಳು ಕ್ವಾಂಟ್ (ಗಣಿತ) ವಿಭಾಗದಲ್ಲಿ ಇಲ್ಲ. ಡೇಟಾ ಇನ್‌ಸೈಟ್ಸ್ ಅನ್ನುವ ವಿಭಾಗಕ್ಕೆ ಹೋಗಿವೆ. ಅಲ್ಲಿ 45 ನಿಮಿಷಕ್ಕೆ 20 ಪ್ರಶ್ನೆ, ಅಂದರೆ ಒಂದಕ್ಕೆ ಎರಡೂಕಾಲು ನಿಮಿಷ. ಕೋಷ್ಟಕ, ಗ್ರಾಫ್ ಎಲ್ಲ ಅದರಲ್ಲೇ ಬರುವುದರಿಂದ ಡೇಟಾ ಸಫಿಶಿಯನ್ಸಿಯನ್ನು ಬೇಗ ಮುಗಿಸಿದವರಿಗೆ ಉಳಿದವಕ್ಕೆ ಸಮಯ ಸಿಗುತ್ತದೆ. ಪರದೆಯಲ್ಲಿ ಕ್ಯಾಲ್ಕುಲೇಟರ್ ಕೊಡುತ್ತಾರೆ, ಆದರೆ ಡೇಟಾ ಸಫಿಶಿಯನ್ಸಿಯಲ್ಲಿ ಅದರ ಹತ್ತಿರ ಕೈ ಹೋಯಿತೆಂದರೆ ಹೆಚ್ಚಾಗಿ ದಾರಿ ತಪ್ಪಿದೆ ಎಂದೇ ಅರ್ಥ.

ನೀರ್ಚಾಲು ಮಾಷ್ಟ್ರು · ರಾತ್ರಿ 10.05

ಮಗಳೇ, ನಿನ್ನ ಪ್ರಶ್ನೆ ಒಳ್ಳೆಯದುಂಟು. ನಿಧಾನಕ್ಕೆ ನೋಡುವ.

ಅಡಿಕೆ ಸಸಿಗಳ ಸಂಖ್ಯೆ ಅ, ಬಳ್ಳಿಗಳ ಸಂಖ್ಯೆ ಬ ಅಂತ ಇಟ್ಟುಕೊ. ಒಂದನೆಯ ಹೇಳಿಕೆ 35ಅ + 22ಬ = 443. ಶಾಲೆಯಲ್ಲಿ ಗ್ರಾಫ್ ಹಾಳೆಯ ಮೇಲೆ ಇದು ಒಂದು ನೇರ ಗೆರೆ, ಅದರ ಮೇಲೆ ಬಿಂದುಗಳು ಲೆಕ್ಕವಿಲ್ಲದಷ್ಟು. ನಿನಗೆ ಕಲಿಸಿದವರು ನಿಂತದ್ದು ಅಲ್ಲಿಗೆ. ಆದರೆ ನರ್ಸರಿಯವನು ಅರ್ಧ ಸಸಿ ಕೊಡುತ್ತಾನಾ? ಅ, ಬ ಎರಡೂ ಪೂರ್ಣಾಂಕ ಆಗಬೇಕು, ಸೊನ್ನೆಗಿಂತ ಕೆಳಗೆ ಹೋಗಬಾರದು. ಪ್ರಶ್ನೆಯಲ್ಲಿ ಬರೆಯದಿದ್ದರೂ ‘ಸಸಿ’ ಅನ್ನುವ ಶಬ್ದದ ಒಳಗೇ ಆ ನಿಯಮ ಕೂತಿದೆ.

ಈಗ 443 ಬೆಸ. 22ಬ ಯಾವಾಗಲೂ ಸಮ. ಹಾಗಾಗಿ 35ಅ ಬೆಸ ಆಗಬೇಕು, ಅಂದರೆ ಅ ಬೆಸ. 35×13 = 455, ಅದು 443ನ್ನು ದಾಟಿತು. ಹಾಗಾಗಿ ಅ ಆಗಬಹುದಾದದ್ದು 1, 3, 5, 7, 9, 11 ಮಾತ್ರ. ಒಂದೊಂದನ್ನೇ ಹಾಕಿದರೆ ಉಳಿಯುವ ಹಣ 408, 338, 268, 198, 128, 58. ಇದರಲ್ಲಿ 22ರಿಂದ ನಿಶ್ಶೇಷವಾಗಿ ಭಾಗ ಹೋಗುವುದು 198 ಒಂದೇ. ಬಳ್ಳಿ 9, ಸಸಿ 7. ಬೇರೆ ದಾರಿಯೇ ಇಲ್ಲ. ಒಂದನೆಯ ಹೇಳಿಕೆ ಸಾಕು.

ಎರಡನೆಯದು ಒಟ್ಟು 16 ಅನ್ನುತ್ತದೆ ಅಷ್ಟೆ, ಸಸಿ ಒಂದೂ ಇರಬಹುದು, ಹದಿನೈದೂ ಇರಬಹುದು. ಸಾಲದು. ಆದ್ದರಿಂದ ಎ.

ನೀನು ಸಿ ಹಾಕಿದಾಗಲೂ ನಿನಗೆ ಸಿಕ್ಕಿದ ಸಂಖ್ಯೆ 7 ಆಗಿರಬೇಕು. ಲೆಕ್ಕ ಸರಿ, ಉತ್ತರ ತಪ್ಪು. ಈ ನಮೂನೆಯ ಪ್ರಶ್ನೆಯಲ್ಲಿ ಸಸಿ ಎಷ್ಟು ಅಂತ ಯಾರೂ ಕೇಳುತ್ತಿಲ್ಲ. ಸಸಿ ಎಷ್ಟೆಂದು ಹೇಳಲು ಎಷ್ಟು ಸುದ್ದಿ ಬೇಕು ಅಂತ ಕೇಳುವುದು. ನಮ್ಮ ಭಾಷೆಯಲ್ಲಿ ಅದಕ್ಕೆ ಎರಡೇ ಮಾತು ಉಂಟು: ಸಾಕು, ಸಾಲದು. ಎಲೆಯ ಎದುರು ಕೂತವನ ಹತ್ತಿರ ಬಡಿಸುವವರು ಕೇಳುವ ಪ್ರಶ್ನೆ ಅದು. ಪ್ರತಿ ಹೇಳಿಕೆಯ ಎದುರು ನಿಂತು ಕನ್ನಡದಲ್ಲೇ ಕೇಳಿಕೊ, ‘ಇಷ್ಟು ಸಾಕಾ?’ ಅಂತ.

ಹೊಸಂಗಡಿಯಿಂದ · ರಾತ್ರಿ 10.20

ಮಾಷ್ಟ್ರೇ, ಬಹಳ ಉಪಕಾರ ಆಯ್ತು. ಹಾಗಾದರೆ ಸಸಿ, ಪೆನ್ನು, ಟಿಕೆಟು ಈ ಥರ ತುಂಡು ಮಾಡಲಿಕ್ಕಾಗದ ವಸ್ತು ಬಂದರೆ ಉತ್ತರ ಎ ಅಂತ ನೆನಪಿಟ್ಟುಕೊಂಡರೆ ಆಗುತ್ತದಾ?

ನೀರ್ಚಾಲು ಮಾಷ್ಟ್ರು · ರಾತ್ರಿ 10.48

ಬೇಡ ಬೇಡ. ಒಂದು ಕುರುಡು ನಿಯಮ ಬಿಟ್ಟು ಇನ್ನೊಂದನ್ನು ಹಿಡಿದ ಹಾಗಾಗುತ್ತದೆ. ಅದೇ ಪ್ರಶ್ನೆಯಲ್ಲಿ 443ರ ಬದಲು 985 ರೂಪಾಯಿ, 16ರ ಬದಲು 30 ಅಂತ ಇಡು. 3 ಸಸಿ, 40 ಬಳ್ಳಿ ಕೊಂಡರೆ 105 + 880 = 985. 25 ಸಸಿ, 5 ಬಳ್ಳಿ ಕೊಂಡರೆ 875 + 110, ಅದೂ 985. ಎರಡು ಉತ್ತರ ಬಂತು. ಈಗ ಒಂದನೆಯ ಹೇಳಿಕೆ ಸಾಲದು. ಒಟ್ಟು 30 ಅನ್ನುವುದನ್ನು ಸೇರಿಸಿದರೆ 25 ಮತ್ತು 5 ಮಾತ್ರ ಉಳಿಯುತ್ತದೆ. ಉತ್ತರ ಸಿ. ಸಸಿಯೂ ಅದೇ, ಬೆಲೆಯೂ ಅದೇ, ಮೊತ್ತ ಬದಲಾದದ್ದಕ್ಕೆ ಉತ್ತರ ಬದಲಾಯಿತು.

ಯಾಕೆ ಅಂತ ನೋಡಿ. 22 ಸಸಿ ಹೆಚ್ಚು ಕೊಂಡು 35 ಬಳ್ಳಿ ಬಿಟ್ಟರೆ ಹಣ ಅಷ್ಟೇ ಆಗುತ್ತದೆ, ಎರಡೂ 770 ರೂಪಾಯಿ. 443 ರೂಪಾಯಿಯಲ್ಲಿ ಆ ಅದಲುಬದಲಿಗೆ ಜಾಗವೇ ಇಲ್ಲ. 985ರಲ್ಲಿ ಉಂಟು. ಮೊತ್ತ 770ಕ್ಕಿಂತ ಕಡಿಮೆ ಇದ್ದರೆ ಎರಡು ಉತ್ತರ ಬರಲಿಕ್ಕೇ ಸಾಧ್ಯವಿಲ್ಲ.

ಇದು ನಮ್ಮಲ್ಲಿ ಹೊಸ ವಿದ್ಯೆ ಅಲ್ಲ. ಕ್ರಿ.ಶ. 499ರಲ್ಲಿ ಆರ್ಯಭಟ ಇಂಥ ಸಮೀಕರಣಕ್ಕೆ ದಾರಿ ಹೇಳಿದ, ಮುಂದಿನವರು ಅದನ್ನು ಕುಟ್ಟಕ ಅಂತ ಕರೆದರು. ದೊಡ್ಡ ಸಂಖ್ಯೆಗಳನ್ನು ಕುಟ್ಟಿ ಕುಟ್ಟಿ ಸಣ್ಣದು ಮಾಡುವುದು. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರ ಲೆಕ್ಕ ಒಂದು ಉಂಟು. 63 ಸಮಸಮ ರಾಶಿ ಬಾಳೆಹಣ್ಣು, ಬಿಡಿ ಹಣ್ಣು 7, ಎಲ್ಲ ಸೇರಿಸಿ 23 ದಾರಿಹೋಕರಿಗೆ ಸಮನಾಗಿ ಹಂಚಿದರೆ ಉಳಿಕೆ ಇಲ್ಲ. ರಾಶಿಗೆ 5 ಹಣ್ಣಾದರೆ ಒಟ್ಟು 322, ತಲಾ 14. ರಾಶಿಗೆ 28 ಆದರೂ ಸರಿಹೋಗುತ್ತದೆ, ಆಗ 1771 ಹಣ್ಣು, ತಲಾ 77. ಅಂದರೆ ಮಹಾವೀರರ ಮಾಹಿತಿ ಮಾತ್ರ ಇದ್ದರೆ ಸಾಲದು. ‘ರಾಶಿಯಲ್ಲಿ 20ಕ್ಕಿಂತ ಕಡಿಮೆ ಹಣ್ಣು’ ಅಂತ ಎರಡನೆಯ ಹೇಳಿಕೆ ಸೇರಿದರೆ ಸಾಕಾಗುತ್ತದೆ. ಸಾವಿರದ ಇನ್ನೂರು ವರ್ಷ ಹಳೆಯ ಬಾಳೆಹಣ್ಣಿನ ಲೆಕ್ಕ ಇವತ್ತಿನ ಪರೀಕ್ಷೆಗೆ ಹೀಗೆ ಒಗ್ಗುವುದನ್ನು ನೋಡಿದರೆ ನನಗೆ ಈಗಲೂ ಸಂತೋಷ ಆಗುತ್ತದೆ.

ಪೆರ್ಲದ ಹುಡುಗಿ · ಭಾನುವಾರ, ಬೆಳಿಗ್ಗೆ 6.50

ರಾತ್ರಿ ಮಲಗುವ ಮೊದಲು 985ರದ್ದನ್ನು ಮತ್ತೊಮ್ಮೆ ನಾನೇ ಮಾಡಿ ನೋಡಿದೆ. ಸ್ಪಷ್ಟ ಆಯ್ತು. ಇನ್ನೊಂದು ಸಂಶಯ ಉಂಟು. ‘ಹೌದೋ ಅಲ್ಲವೋ’ ಅಂತ ಕೇಳುವ ಪ್ರಶ್ನೆಗಳು. ಉದಾಹರಣೆಗೆ ಪ ಒಂದು ಪೂರ್ಣಾಂಕ. ಪ ಅವಿಭಾಜ್ಯ ಸಂಖ್ಯೆಯೇ? (1) ಪ 24ರಿಂದ 28ರ ಒಳಗೆ, ಎರಡೂ ಸೇರಿ. (2) ಪ ಬೆಸ. ನಾನು ಯೋಚಿಸಿದ್ದು, ಒಂದನೆಯದರಲ್ಲಿ ಪ ಯಾವುದೆಂದು ಗೊತ್ತಾಗುವುದಿಲ್ಲ, ಐದು ಸಂಖ್ಯೆ ಇವೆ. ಎರಡು ಸೇರಿಸಿದರೂ 25 ಅಥವಾ 27. ಹಾಗಾಗಿ ಇ. ಅದೂ ತಪ್ಪು.

ಉಪ್ಪಳ–ಕಲ್ಲಿಕೋಟೆ · ಬೆಳಿಗ್ಗೆ 7.15

ಪ ಎಷ್ಟು ಅಂತ ಕೇಳಿಲ್ಲ ಅಲ್ವಾ? ಅವಿಭಾಜ್ಯ ಹೌದೋ ಅಲ್ಲವೋ ಅಂತ ಕೇಳಿದ್ದು. 24, 25, 26, 27, 28. ಇದರಲ್ಲಿ ಒಂದಾದರೂ ಅವಿಭಾಜ್ಯ ಉಂಟಾ? ಇಲ್ಲ. ಹಾಗಾದರೆ ಪ ಯಾವುದೇ ಆಗಲಿ, ಉತ್ತರ ಖಡಾಖಂಡಿತವಾಗಿ ‘ಅಲ್ಲ’. ಗಟ್ಟಿಯಾದ ‘ಅಲ್ಲ’ ಕೂಡ ಉತ್ತರವೇ. ಒಂದನೆಯದು ಸಾಕು. ಎರಡನೆಯದರಲ್ಲಿ 7 ಹೌದು, 9 ಅಲ್ಲ, ಸಾಲದು. ಉತ್ತರ ಎ.

ನಾನು ಶುರುವಿನಲ್ಲಿ ಇದನ್ನೇ ತಪ್ಪು ಮಾಡುತ್ತಿದ್ದೆ. ‘ಅಲ್ಲ’ ಅನ್ನುವುದು ಬಂದ ಕೂಡಲೇ ಹೇಳಿಕೆ ಸೋತಿತು ಅಂತ ಮನಸ್ಸು ಹೇಳುತ್ತದೆ. ‘ಸಾಲದು’ ಅನ್ನಬೇಕಾದರೆ ಒಂದು ಸಲ ಹೌದು, ಒಂದು ಸಲ ಅಲ್ಲ, ಎರಡನ್ನೂ ಸಂಖ್ಯೆ ಹಾಕಿ ತೋರಿಸಲಿಕ್ಕೆ ಆಗಬೇಕು. ತೋರಿಸಲಿಕ್ಕೆ ಆಗದಿದ್ದರೆ ‘ಸಾಲದು’ ಅನ್ನುವ ಹಕ್ಕು ನಮಗಿಲ್ಲ. ಹಾಗೆ ಹಾಕಿ ನೋಡುವಾಗ 1, 2, 3 ಮಾತ್ರ ಹಾಕಬೇಡಿ. ಸೊನ್ನೆ, ಋಣ ಸಂಖ್ಯೆ, ಭಿನ್ನರಾಶಿ ಎಲ್ಲವನ್ನೂ ಹಾಕಿ. ಪೂರ್ಣಾಂಕ ಅಂತ ಹೇಳದಿದ್ದರೆ ಅರ್ಧವೂ ಬರಬಹುದು. ವರ್ಗ 49 ಅಂದರೆ 7 ಮಾತ್ರ ಅಲ್ಲ, −7 ಕೂಡ.

ಮುಳ್ಳೇರಿಯದ ತಾಯಿ · ಬೆಳಿಗ್ಗೆ 8.40

ನನ್ನ ಮಗ ಪ್ಲಸ್ ಟುವಿನಲ್ಲಿದ್ದಾನೆ, ಮುಂದೆ ಎಂಬಿಎ ಪ್ರವೇಶಕ್ಕೆ ಕ್ಯಾಟ್ ಬರೆಯುವ ಆಸೆ ಅವನಿಗೆ. ನಾನು ಇದನ್ನೆಲ್ಲ ಓದುತ್ತಿರುವುದು ಅವನಿಗಾಗಿ. ನನಗೆ ಕಾಣುವ ಒಂದು ಕಷ್ಟ ಹೇಳುತ್ತೇನೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ. ಹನ್ನೊಂದನೆಗೆ ಕಾಲಿಟ್ಟ ದಿನದಿಂದ ಪಾಠವೆಲ್ಲ ಇಂಗ್ಲಿಷ್. ಅವನಿಗೆ ಶೇಷ ಗೊತ್ತು, ‘ರಿಮೈಂಡರ್’ ಅಂದಾಗ ಒಂದು ಕ್ಷಣ ತಡೆಯುತ್ತಾನೆ. 1956ರ ನವೆಂಬರ್ ಒಂದರಿಂದ ನಮ್ಮ ಕಾಸರಗೋಡು ತಾಲೂಕು ಕೇರಳದಲ್ಲಿದೆ, ನಮ್ಮ ಅತ್ತೆಯ ಕಾಲದಿಂದ ಮಕ್ಕಳು ಭಾಷೆಯಿಂದ ಭಾಷೆಗೆ ದಾಟುತ್ತಲೇ ಬಂದಿದ್ದಾರೆ. ದಾಟುತ್ತಾರೆ, ಅದರ ಬಗ್ಗೆ ನನಗೆ ಹೆದರಿಕೆ ಇಲ್ಲ. ಆದರೆ ಪರೀಕ್ಷೆಯ ಎರಡು ನಿಮಿಷದಲ್ಲಿ ದಾಟಬೇಕಲ್ಲ?

ನೀರ್ಚಾಲು ಮಾಷ್ಟ್ರು · ಬೆಳಿಗ್ಗೆ 9.25

ಅಮ್ಮ, ನೀವು ಹೇಳಿದ್ದು ನೂರಕ್ಕೆ ನೂರು ಸತ್ಯ. ಡೇಟಾ ಸಫಿಶಿಯನ್ಸಿಯಲ್ಲಿ ಒಂದು ಶಬ್ದ ಜಾರಿದರೆ ಇಡೀ ಲೆಕ್ಕ ಜಾರುತ್ತದೆ. ಮಗನಿಗೆ ಒಂದು ಸಣ್ಣ ಪುಸ್ತಕ ಮಾಡಿಸಿ. ಎಡಗಡೆ ಪರೀಕ್ಷೆಯ ಶಬ್ದ, ಬಲಗಡೆ ಅವನು ಕಲಿತ ಶಬ್ದ. ಇಂಟೀಜರ್ ಪೂರ್ಣಾಂಕ. ಪ್ರೈಮ್ ಅವಿಭಾಜ್ಯ. ಕನ್ಸೆಕ್ಯೂಟಿವ್ ಅಂದರೆ ಒಂದರ ಹಿಂದೆ ಒಂದು ಬರುವುದು. ಡಿಸ್ಟಿಂಕ್ಟ್ ಅಂದರೆ ಒಂದೇ ಸಂಖ್ಯೆ ಎರಡು ಸಲ ಬರಬಾರದು. ಅಟ್ ಲೀಸ್ಟ್ ಕನಿಷ್ಠ, ಆ ಸಂಖ್ಯೆಯೂ ಸೇರುತ್ತದೆ.

ಅತಿ ಹೆಚ್ಚು ಮಕ್ಕಳು ಬೀಳುವುದು ‘ನಾನ್ ನೆಗೆಟಿವ್’ ಅನ್ನುವಲ್ಲಿ. ಅದನ್ನು ಧನ ಸಂಖ್ಯೆ ಅಂತ ಓದುತ್ತಾರೆ. ಧನ ಸಂಖ್ಯೆಯಲ್ಲಿ ಸೊನ್ನೆ ಇಲ್ಲ, ನಾನ್ ನೆಗೆಟಿವ್‌ನಲ್ಲಿ ಸೊನ್ನೆ ಉಂಟು. ಆ ಒಂದು ಸೊನ್ನೆಯಿಂದ ಉತ್ತರ ಎ ಇದ್ದದ್ದು ಇ ಆಗಬಹುದು. ಕನ್ನಡದಲ್ಲಿ ‘ಋಣವಲ್ಲದ್ದು’ ಅಂತ ಬರೆದುಕೊಂಡರೆ ಸೊನ್ನೆ ಮರೆಯುವುದಿಲ್ಲ. ಯೋಚನೆ ಕನ್ನಡದಲ್ಲೇ ನಡೆಯಲಿ. ಕಲಿತ ಭಾಷೆಯಲ್ಲಿ ಮನಸ್ಸು ವೇಗವಾಗಿ ಓಡುತ್ತದೆ, ಇದನ್ನು ನಾನು ತರಗತಿಯಲ್ಲಿ ಕಣ್ಣಾರೆ ಕಂಡಿದ್ದೇನೆ.

ಹೊಸಂಗಡಿಯಿಂದ · ಬೆಳಿಗ್ಗೆ 11.05

ಬ್ಯಾಂಕ್ ಪರೀಕ್ಷೆ, ಯುಪಿಎಸ್‌ಸಿ ಬರೆಯುವವರಿಗೆ ಒಂದು ಮಾತು. ಯುಪಿಎಸ್‌ಸಿ ಪ್ರಿಲಿಮ್ಸ್‌ನ ಎರಡನೆಯ ಪತ್ರಿಕೆಯಲ್ಲೂ ಒಂದು ಪ್ರಶ್ನೆ, ಎರಡು ಹೇಳಿಕೆ ಕೊಟ್ಟು ಇದೇ ಥರ ಕೇಳುತ್ತಾರೆ. ಆದರೆ ಆಯ್ಕೆಗಳ ಕ್ರಮ ಜಿಮ್ಯಾಟ್‌ನ ಹಾಗೆ ಇರಬೇಕೆಂದಿಲ್ಲ. ಒಂದು ಕಡೆಯ ‘ಸಿ’ ಇನ್ನೊಂದು ಕಡೆ ಬೇರೆಯೇ ಅರ್ಥ ಕೊಡಬಹುದು. ನಾನು ಜಿಮ್ಯಾಟ್ ಪುಸ್ತಕದಲ್ಲಿ ಅಭ್ಯಾಸ ಮಾಡಿ ಬ್ಯಾಂಕ್ ಪರೀಕ್ಷೆಯ ಅಣಕು ಪತ್ರಿಕೆ ಬರೆದಾಗ ಐದರಲ್ಲಿ ಐದೂ ಸರಿಯಾಗಿ ಯೋಚಿಸಿ ಮೂರಕ್ಕೆ ತಪ್ಪು ಅಕ್ಷರ ಹಾಕಿದೆ. ಆಯ್ಕೆಗಳನ್ನು ಪ್ರತಿ ಸಲ ಓದಿ.

ಉಪ್ಪಳ–ಕಲ್ಲಿಕೋಟೆ · ಮಧ್ಯಾಹ್ನ 2.30

ಇನ್ನೊಂದು ದೊಡ್ಡ ತಪ್ಪಿನ ಬಗ್ಗೆ ಬರೆಯಲೇಬೇಕು. ಒಂದನೆಯ ಹೇಳಿಕೆ ಓದಿ ಎರಡನೆಯದಕ್ಕೆ ಹೋಗುವಾಗ ಒಂದನೆಯದರ ಸುದ್ದಿ ತಲೆಯಲ್ಲೇ ಉಳಿದುಬಿಡುತ್ತದೆ. ಗೊತ್ತಿಲ್ಲದ ಹಾಗೆ ಅದನ್ನೂ ಸೇರಿಸಿ ‘ಎರಡನೆಯದು ಸಾಕು’ ಅಂದುಬಿಡುತ್ತೇವೆ. ಆಗ ಸಿ ಆಗಬೇಕಾದದ್ದು ಬಿ ಆಗುತ್ತದೆ. ನಾನು ಊರಿಂದ ಮಂಗಳೂರಿಗೆ ರೈಲಿನಲ್ಲಿ ಹೋಗುವಾಗ ಪುಸ್ತಕ ತೆರೆದು, ಒಂದನೆಯ ಹೇಳಿಕೆಯ ಮೇಲೆ ಟಿಕೆಟ್ ಇಟ್ಟು ಮುಚ್ಚಿ ಎರಡನೆಯದನ್ನು ಓದುತ್ತಿದ್ದೆ. ಉಪ್ಪಳದಲ್ಲಿ ಹತ್ತಿ ನೇತ್ರಾವತಿ ಸೇತುವೆ ಬರುವುದರೊಳಗೆ ಹತ್ತು ಪ್ರಶ್ನೆ ಅಂತ ಲೆಕ್ಕ ಇಟ್ಟಿದ್ದೆ. ಆರು ವಾರದಲ್ಲಿ ಆ ಚಟ ಬಿಟ್ಟುಹೋಯಿತು. ಪರದೆಯ ಮೇಲಾದರೆ ಅಂಗೈಯಲ್ಲಿ ಮುಚ್ಚಿ.

ಎರಡನೆಯದರಿಂದ ಶುರು ಮಾಡಿದರೂ ತಪ್ಪಿಲ್ಲ, ಅದು ಸುಲಭವಾಗಿ ಕಂಡರೆ. ಒಂದನೆಯದು ಸಾಕು ಅಂತ ಆದರೆ ಉಳಿಯುವುದು ಎ, ಡಿ ಎರಡೇ. ಸಾಲದು ಅಂತ ಆದರೆ ಬಿ, ಸಿ, ಇ. ಅರ್ಧ ಮಾತ್ರ ಗೊತ್ತಿದ್ದರೂ ಐದರಲ್ಲಿ ಊಹಿಸುವ ಬದಲು ಎರಡರಲ್ಲೋ ಮೂರರಲ್ಲೋ ಊಹಿಸಬಹುದು.

ಪರೀಕ್ಷಿಸಿಕೊಳ್ಳಲಿಕ್ಕೆ ಇನ್ನೊಂದು ಉಪಾಯ. ಜಿಮ್ಯಾಟ್‌ನಲ್ಲಿ ಎರಡು ಹೇಳಿಕೆಗಳು ಒಂದಕ್ಕೊಂದು ವಿರುದ್ಧವಾಗಿರುವುದಿಲ್ಲ. ಒಂದನೆಯದರಿಂದ 7, ಎರಡನೆಯದರಿಂದ 9 ಬಂತೆಂದರೆ ಎಲ್ಲೋ ನಮ್ಮದೇ ತಪ್ಪಾಗಿದೆ, ಹಿಂದೆ ಹೋಗಿ ನೋಡಬೇಕು.

ಪೂರ್ತಿ ಬಿಡಿಸದೆ ನಿಲ್ಲುವುದಕ್ಕೂ ಒಂದು ಉದಾಹರಣೆ. ಆಯತಾಕಾರದ ಕೆರೆ, ವಿಸ್ತೀರ್ಣ ಎಷ್ಟು? (1) ಸುತ್ತಳತೆ 28 ಮೀಟರ್. (2) ಕರ್ಣ 10 ಮೀಟರ್. ಉದ್ದ, ಅಗಲ ಕಂಡುಹಿಡಿಯುತ್ತಾ ಕೂರಬೇಡಿ. ಮೊತ್ತ ಗೊತ್ತು, ವರ್ಗಗಳ ಮೊತ್ತ ಗೊತ್ತು. ಮೊತ್ತದ ವರ್ಗದಲ್ಲಿ ವರ್ಗಗಳ ಮೊತ್ತ ಕಳೆದರೆ ಗುಣಲಬ್ಧದ ಎರಡರಷ್ಟು ಸಿಗುತ್ತದೆ. ಅಷ್ಟು ಕಂಡ ಕೂಡಲೇ ಸಿ ಹಾಕಿ. 48 ಅಂತ ಬರೆಯುವ ಅಗತ್ಯವೂ ಇಲ್ಲ.

ಹೊಸಂಗಡಿಯಿಂದ · ಮಧ್ಯಾಹ್ನ 3.10

ಇದು ಸರಿಯಾ ನೋಡಿ. ಹೋಟೆಲಿನಲ್ಲಿ ಒಂದು ಚಹಾದ ಬೆಲೆ ಎಷ್ಟು? (1) 2 ಪ್ಲೇಟ್ ಗೋಳಿಬಜೆ, 3 ಚಹಾ ಸೇರಿ 90 ರೂಪಾಯಿ. (2) 4 ಪ್ಲೇಟ್ ಗೋಳಿಬಜೆ, 6 ಚಹಾ ಸೇರಿ 180. ನನ್ನ ಉತ್ತರ ಇ. ಎರಡನೆಯದು ಒಂದನೆಯದರ ದುಪ್ಪಟ್ಟು ಮಾತ್ರ, ಹೊಸ ಸುದ್ದಿ ಏನೂ ಇಲ್ಲ.

ನೀರ್ಚಾಲು ಮಾಷ್ಟ್ರು · ಮಧ್ಯಾಹ್ನ 3.22

ಸರಿ. ಪ್ರಶ್ನೆಯನ್ನು ‘4 ಪ್ಲೇಟ್ ಗೋಳಿಬಜೆ, 6 ಚಹಾಕ್ಕೆ ಎಷ್ಟು’ ಅಂತ ಬದಲಾಯಿಸಿ, (1) ಒಂದೇ ಸಾಕಾಗುತ್ತದೆ. ಒಂದೊಂದರ ಬೆಲೆ ಗೊತ್ತಾಗದೆಯೂ ಕೇಳಿದ್ದಕ್ಕೆ ಉತ್ತರ ಸಿಗುತ್ತದೆ. ಕೇಳಿದ್ದೆಂತ ಅಂತ ಎರಡು ಸಲ ಓದಿ.

ಪೆರ್ಲದ ಹುಡುಗಿ · ರಾತ್ರಿ 8.15

ಇವತ್ತು ಇಡೀ ದಿನ ನೀವು ಹೇಳಿದ ಹಾಗೆ ‘ಇಷ್ಟು ಸಾಕಾ’ ಅಂತ ಕೇಳಿಕೊಂಡು ಇಪ್ಪತ್ತು ಪ್ರಶ್ನೆ ಮಾಡಿದೆ. ಹದಿನಾಲ್ಕು ಸರಿ. ತಪ್ಪಾದ ಆರರಲ್ಲಿ ನಾಲ್ಕು, ಮೊದಲ ಹೇಳಿಕೆಯ ಸುದ್ದಿಯನ್ನು ಎರಡನೆಯದಕ್ಕೆ ಹೊತ್ತುಕೊಂಡು ಹೋದದ್ದರಿಂದಲೇ. ನಾಳೆಯಿಂದ ಮುಚ್ಚಿಟ್ಟು ಮಾಡುತ್ತೇನೆ.

ನಾನೇ ಒಂದು ಪ್ರಶ್ನೆ ಮಾಡಿದ್ದೇನೆ, ನಮ್ಮ ಹತ್ತನೆಯ ತರಗತಿಯನ್ನು ನೆನೆದು. ಒಂದು ಕನ್ನಡ ಮಾಧ್ಯಮದ ತರಗತಿಯಲ್ಲಿ ಹುಡುಗಿಯರು ಎಷ್ಟು? (1) ಹುಡುಗಿಯರು ಮತ್ತು ಹುಡುಗರ ಅನುಪಾತ 4:3. (2) ಒಟ್ಟು ಮಕ್ಕಳು 20ಕ್ಕಿಂತ ಕಡಿಮೆ. ಮಕ್ಕಳು ಪೂರ್ಣಾಂಕ, ಒಟ್ಟು 7ರ ಅಪವರ್ತ್ಯ ಆಗಬೇಕು. 20ರೊಳಗೆ 14. ಹುಡುಗಿಯರು 8. ಉತ್ತರ ಸಿ. ಸರಿಯಾ ಮಾಷ್ಟ್ರೇ?

ಉಪ್ಪಳ–ಕಲ್ಲಿಕೋಟೆ · ರಾತ್ರಿ 8.31

7 ಎಲ್ಲಿಗೆ ಹೋಯಿತು? 7ರ ಅಪವರ್ತ್ಯಗಳಲ್ಲಿ ಮೊದಲನೆಯದು ಅದೇ. 4 ಹುಡುಗಿಯರು, 3 ಹುಡುಗರು. ಹಾಗಾಗಿ ಇ ಆಗುತ್ತದೆ.

ಪೆರ್ಲದ ಹುಡುಗಿ · ರಾತ್ರಿ 8.40

ಹೌದು! ನಾವು ಇದ್ದದ್ದು 14 ಮಂದಿ, ಅದು ನನಗೆ ಗೊತ್ತಿತ್ತು. ಹಾಳೆಯಲ್ಲಿ ಬರೆಯದೇ ಇದ್ದದ್ದನ್ನು ನಾನೇ ತಂದು ಸೇರಿಸಿದೆ. ಏಳೇ ಮಂದಿಯ ತರಗತಿ ಇರಬಹುದೆಂದು ಹೊಳೆಯಲೇ ಇಲ್ಲ.

ನೀರ್ಚಾಲು ಮಾಷ್ಟ್ರು · ರಾತ್ರಿ 9.02

ಇರುತ್ತದೆ ಮಗಳೇ. ಕೊನೆಯ ವರ್ಷ ನಾನು ಪಾಠ ಮಾಡಿದ್ದು ಏಳು ಮಕ್ಕಳಿಗೆ. ಮುಂದಿನ ಎರಡು ಬೆಂಚಿನಲ್ಲಿ ಎಲ್ಲರೂ ಹಿಡಿಯುತ್ತಿದ್ದರು.

ಎರಡನೆಯ ಹೇಳಿಕೆಯನ್ನು ‘10ಕ್ಕಿಂತ ಹೆಚ್ಚು, 20ಕ್ಕಿಂತ ಕಡಿಮೆ’ ಅಂತ ತಿದ್ದು. ಆಗ ಸಿ.